ತಪ್ಪುಕಾಣಿಕೆ

ಜೂನ್ 8, ಭಾನುವಾರ

ಮೇಲಿನ ರೂಮು ಖಾಲಿಯಾಗಿ ಇವತ್ತಿಗೆ ಹದಿನೈದು ದಿನ. ಬಾಡಿಗೆಗಿದ್ದ ಬ್ಯಾಂಕಿನವರು ವರ್ಗವಾಗಿ ಹೋದ ಮೇಲೆ ಅಮ್ಮ ಅಲ್ಲಿ ಬಟ್ಟೆ ಒಣಹಾಕುತ್ತಿದ್ದಾಳೆ.

'ಬೋರ್ಡು ಹಾಕೋಣ ಅಪ್ಪಾಜಿ' ಅಂದೆ. ಅವರು ನಕ್ಕರು. ಶಿವಮೊಗ್ಗದ ವಿನೋಬನಗರದ ನಮ್ಮ ಬೀದಿಯಲ್ಲಿ ಮನೆ ಬಾಡಿಗೆಗಿದೆ ಎಂದು ಯಾರೂ ಬೋರ್ಡು ಹಾಕುವುದಿಲ್ಲ. ಹಾಕಿದರೆ ಯಾರ್ಯಾರೋ ಬರುತ್ತಾರೆ, ಬಂದವರಿಗೆ ಇಲ್ಲ ಅನ್ನಬೇಕಾಗುತ್ತದೆ. ಇಲ್ಲ ಅನ್ನುವುದು ಅಪ್ಪಾಜಿಗೆ ಬರುವುದಿಲ್ಲ. ಗಾಂಧಿ ಬಜಾರ್‌ನಲ್ಲಿ ಪಾತ್ರೆ ಅಂಗಡಿ ಇಟ್ಟು ಮೂವತ್ತು ವರ್ಷವಾಯಿತು, ಒಂದು ಲೋಟ ಕೊಳ್ಳುವುದಕ್ಕೆ ನಲವತ್ತು ಲೋಟ ಬಡಿದು ನೋಡುವ ಗಿರಾಕಿಯ ಮೇಲೂ ಅವರು ಮುಖ ಗಂಟು ಹಾಕಿದವರಲ್ಲ.

ಕಾಲೇಜು ಮುಗಿಸಿ ಮಧ್ಯಾಹ್ನದಿಂದ ಸಂಜೆಯವರೆಗೆ ನಾನೂ ಅಂಗಡಿಯಲ್ಲಿ ಕೂರುತ್ತೇನೆ. ಕೊಂಡ ಪಾತ್ರೆಗಳ ಮೇಲೆ ಹೆಸರು ಹಾಕುವುದು ನನ್ನ ಕೆಲಸ. ಆ ಪುಟ್ಟ ಮಷೀನನ್ನು ಸ್ಟೀಲಿನ ಮೇಲೆ ಇಟ್ಟರೆ ಜುಂಯ್ ಎಂದು ಚುಕ್ಕಿ ಚುಕ್ಕಿಯಾಗಿ ಅಕ್ಷರ ಮೂಡುತ್ತದೆ. ನನ್ನ ಅಕ್ಷರ ನೋಡಿ ಮದುವೆ ಆರ್ಡರಿನವರು ಹುಡುಕಿಕೊಂಡು ಬರುತ್ತಾರೆ. ಇದು ಜಂಭವಲ್ಲ, ನಿಜ.

ಸಂಜೆ ಗೆಳತಿ ರಂಜಿನಿ ಫೋನ್ ಮಾಡಿದ್ದಳು. ಅವಳಿಗೆ ಇಲ್ಲಿಯ ಖಾಸಗಿ ಆಸ್ಪತ್ರೆಯೊಂದರ ಲ್ಯಾಬ್‌ನಲ್ಲಿ ಕೆಲಸ ಸಿಕ್ಕಿದೆ. ಜುಲೈ ಒಂದರಿಂದ ಬೆಳಗ್ಗೆ ಆರಕ್ಕೆ ಡ್ಯೂಟಿ. ಭದ್ರಾವತಿಯಿಂದ ಆ ಹೊತ್ತಿಗೆ ಬಂದು ಮುಟ್ಟುವುದು ಯಾವ ಬಸ್ಸಿನಲ್ಲೂ ಖಾತ್ರಿಯಿಲ್ಲ. ಮೊದಲ ಮೂರು ತಿಂಗಳಲ್ಲಿ ತಡವಾಗಿ ಬಂದವರನ್ನು ಅವರು ಉಳಿಸಿಕೊಳ್ಳುವುದಿಲ್ಲವಂತೆ. ಅವಳು ನಾಲ್ಕು ಕಡೆ ರೂಮು ಕೇಳಿದಳಂತೆ. ನಾಲ್ಕೂ ಕಡೆ ಮೊದಲು ಖಾಲಿ ಇತ್ತು, ಅಪ್ಪನ ಹೆಸರು ಹೇಳಿದ ಮೇಲೆ ಭರ್ತಿಯಾಯಿತು.

'ನಮ್ಮ ಮೇಲಿನ ರೂಮಿದೆಯಲ್ಲ ಮಾರಾಯ್ತಿ. ನನಗೆ ಬಿಡು' ಅಂದೆ.

'ನಿಮ್ಮನೇಲಿ ಕೇಳಲ್ವಾ?'

'ಏನು ಕೇಳೋದು?'

'ಏನಿಲ್ಲ ಬಿಡು' ಅಂದಳು.

ನನಗೆ ಈ ಜಾತಿಗೀತಿಯೆಲ್ಲ ಇಲ್ಲ. ಎನ್‌ಸಿಸಿ ಕ್ಯಾಂಪಿನಲ್ಲಿ ಹತ್ತು ದಿನ ಒಂದೇ ತಟ್ಟೆಯಲ್ಲಿ ಉಂಡವರು ನಾವಿಬ್ಬರು.


ಜೂನ್ 10, ಮಂಗಳವಾರ

ಕೆಲಸ ಆಯಿತು. ಎಷ್ಟು ಸುಲಭವಾಗಿ ಆಯಿತೆಂದರೆ ನನಗೇ ನಗು ಬರುತ್ತಿದೆ.

ನಮ್ಮ ಅಜ್ಜಿ ಶಕುಂತಲಮ್ಮ ಯಾರ ಜಾತಿಯನ್ನೂ ಕೇಳುವವಳಲ್ಲ. ಹಾಗೆ ಕೇಳುವುದು ಮರ್ಯಾದಸ್ತರ ಲಕ್ಷಣವಲ್ಲ ಅನ್ನುತ್ತಾಳೆ. ಅವಳು ಕೇಳುವುದು ಮನೆದೇವರನ್ನು. ಮನೆದೇವರು ಯಾರು, ಯಾವ ಊರಲ್ಲಿದೆ ಗುಡಿ, ಪೂಜಾರಿ ಯಾರು. ಹತ್ತು ನಿಮಿಷ ಮಾತಾಡಿದರೆ ಬಂದವರು ಎಲ್ಲಿ ಕೂರಬೇಕೋ ಅಲ್ಲಿ ಕೂತಿರುತ್ತಾರೆ. ಬಾಯಿ ಬಿಟ್ಟು ಯಾರೂ ಏನೂ ಅಂದಿರುವುದಿಲ್ಲ.

ಕಾಫಿ ಹೊತ್ತಿನಲ್ಲಿ ನಾನು ವಿಷಯ ತೆಗೆದೆ. ಗೆಳತಿ, ಎನ್‌ಸಿಸಿ, ಆಸ್ಪತ್ರೆ ಕೆಲಸ, ಬಹಳ ಒಳ್ಳೆಯ ಹುಡುಗಿ.

'ಯಾರ ಪೈಕಿ?' ಅಂದರು ಅಪ್ಪಾಜಿ.

'ಭದ್ರಾವತಿಯೋರು. ಅವರಪ್ಪ ಫ್ಯಾಕ್ಟರೀಲಿದ್ದಾರೆ.'

'ಮನೆದೇವರು ಯಾರಂತೆ?' ಅಂದಳು ಅಜ್ಜಿ.

ವೀರಭದ್ರ ದೇವರು ಅಂದೆ. ಯೋಚನೆ ಮಾಡಿ ಅಂದಿದ್ದಲ್ಲ, ಬಾಯಿಗೆ ಬಂತು. ನಮ್ಮ ಕಡೆ ಅರ್ಧ ನೆಂಟರ ಮನೆದೇವರು ವೀರಭದ್ರನೇ. ಅಜ್ಜಿಯ ಮುಖ ಅರಳಿತು. 'ಹಂಗಾದ್ರೆ ನಮ್ಮೋರೇ. ಆಷಾಢ ಹಿಡಿಯೋದ್ರೊಳಗೆ ಬಂದು ಹಾಲು ಉಕ್ಕಿಸ್ಲಿ' ಅಂದಳು. ಅಪ್ಪಾಜಿ ಮೇಲಿನ ನಲ್ಲಿ ರಿಪೇರಿಯ ಮಾತಿಗೆ ಹೋದರು. ಅಮ್ಮ ಮಾತ್ರ ನನ್ನನ್ನೊಮ್ಮೆ ನೋಡಿ ಕಾಫಿ ಲೋಟ ಎತ್ತಿಕೊಂಡು ಹೋದಳು.

ಸಣ್ಣ ಸುಳ್ಳು. ಯಾರಿಗೂ ನಷ್ಟವಿಲ್ಲ, ಒಬ್ಬಳಿಗೆ ಲಾಭವಿದೆ.


ಜೂನ್ 11, ಬುಧವಾರ

ರಂಜಿನಿಗೆ ಫೋನ್ ಮಾಡಿ ಹೇಳಿದೆ. ಮನೆದೇವರನ್ನು ಕೇಳಿದರೆ ವೀರಭದ್ರ ಅನ್ನು, ನಿಮ್ಮಪ್ಪನಿಗೂ ಹೇಳಿಟ್ಟಿರು ಎಂದೆ.

'ಆಯ್ತು' ಅಂದಳು.

ಥ್ಯಾಂಕ್ಸ್ ಅನ್ನುತ್ತಾಳೆ ಎಂದು ಕಾದೆ. ಸುಸ್ತಾಗಿದ್ದಳೇನೋ.


ಜೂನ್ 15, ಭಾನುವಾರ

ರಂಜಿನಿ ಅವಳಪ್ಪನನ್ನು ಕರೆದುಕೊಂಡು ರೂಮು ನೋಡಲು ಬಂದಿದ್ದಳು. ಓಬಯ್ಯ ಒಳ್ಳೆಯ ಮನುಷ್ಯ. ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ಬಂದಿದ್ದ. ಚಪ್ಪಲಿಯನ್ನು ಗೇಟಿನ ಹೊರಗೇ ಬಿಟ್ಟ. ಮಳೆ ಬರುತ್ತೆ, ಒಳಗಿಡಿ ಎಂದರೂ ಕೇಳಲಿಲ್ಲ.

ಕೂತು ಎರಡು ನಿಮಿಷವಾಗಿರಲಿಲ್ಲ, ಅಜ್ಜಿ ಶುರು ಮಾಡಿದಳು.

'ನಿಮ್ಮ ಮನೆದೇವರು ವೀರಭದ್ರ ಅಂದ್ಳು ನಮ್ಮ ಹುಡುಗಿ. ಹೌದೇನಪ್ಪ?'

ಅವನು ಮಗಳ ಮುಖ ನೋಡಿದ. ಮಗಳು ಕಿಟಕಿ ನೋಡುತ್ತಿದ್ದಳು.

'ಹೂಂ ಅಮ್ಮ' ಅಂದ.

'ಬಾಯ್ತುಂಬ ಹೇಳಪ್ಪ. ದೇವರ ಹೆಸರು ಹೇಳೋಕೆ ಏನು ಸಂಕೋಚ?'

'ವೀರಭದ್ರ ದೇವ್ರು' ಅಂದ. ಅಜ್ಜಿ ಎದ್ದು ಹೋಗಿ ಪೂಜೆಯ ವಿಭೂತಿ ತಂದುಕೊಟ್ಟಳು. ಎರಡೂ ಕೈಯಲ್ಲಿ ತೆಗೆದುಕೊಂಡು ಹಣೆಗೆ ಹಚ್ಚಿಕೊಂಡ. ಕೈ ಸಣ್ಣಗೆ ನಡುಗುತ್ತಿತ್ತು, ವಯಸ್ಸಾಯಿತು ಪಾಪ. ಕಾಫಿ ಅರ್ಧ ಬಿಟ್ಟ. ಅಮ್ಮ ಸಕ್ಕರೆ ಜಾಸ್ತಿ ಹಾಕಿದ್ದಳೋ ಏನೋ.

ಎಲ್ಲ ಸುಸೂತ್ರವಾಗಿ ಮುಗಿಯಿತು. ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳಬೇಕು.


ಜೂನ್ 23, ಸೋಮವಾರ

ಬೆಳಗ್ಗೆ ರಂಜಿನಿ ಹಾಲು ಉಕ್ಕಿಸಿದಳು. ಎರಡು ಬ್ಯಾಗು, ಒಂದು ಚಾಪೆ, ಒಂದು ಗ್ಯಾಸ್ ಒಲೆ, ಅಷ್ಟೇ ಸಾಮಾನು. ಅಜ್ಜಿ ಮಂಡಿ ನೋವಿನಲ್ಲೂ ಮೆಟ್ಟಿಲು ಹತ್ತಿ ಬಂದು ಅಂಗಡಿಯಿಂದ ತರಿಸಿದ್ದ ಹೊಸ ಬಿಂದಿಗೆಯನ್ನು ಅವಳ ಕೈಗಿಟ್ಟಳು. ನಿನ್ನೆ ಅದರ ಮೇಲೆ ಹೆಸರು ಹಾಕಿದ್ದು ನಾನೇ. ಕೆಳಗೆ ರಂಜಿನಿ ಎಂದು. ಮೇಲೆ, ಅಜ್ಜಿ ಹೇಳಿದಂತೆ, ಲಗ್ನಪತ್ರಿಕೆಯಲ್ಲಿ ಹಾಕುತ್ತಾರಲ್ಲ ಹಾಗೆ, 'ಶ್ರೀ ವೀರಭದ್ರ ಪ್ರಸನ್ನ'. ಒತ್ತುಗಳೆಲ್ಲ ಎಷ್ಟು ಚೆನ್ನಾಗಿ ಕೂತಿದ್ದವು.

ರಂಜಿನಿ ಅದನ್ನು ತಿರುಗಿಸಿ ಓದಿದಳು. 'ನೀನೇ ಬರೆದಿದ್ದಾ?' ಅಂದಳು.

'ಮತ್ತಿನ್ಯಾರು? ಹೇಗಿದೆ?'

'ಅಕ್ಷರ ಚೆನ್ನಾಗಿದೆ.'


ಜುಲೈ 9, ಬುಧವಾರ

ರಂಜಿನಿ ಬದಲಾಗಿದ್ದಾಳೆ. ಎರಡಕ್ಕೆ ಡ್ಯೂಟಿ ಮುಗಿಸಿ ಬಂದರೆ ಹಿಂದಿನ ಮೆಟ್ಟಿಲಿನಿಂದ ಹತ್ತಿ ಮೇಲೆ ಸೇರಿಬಿಡುತ್ತಾಳೆ. ನಾನೇ ಹೋಗಿ ಮಾತಾಡಿಸಬೇಕು. ಕೆಲಸ ಸಿಕ್ಕಿದ ಮೇಲೆ ಜನಕ್ಕೆ ಹೀಗಾಗುತ್ತದೆ ಎಂದು ಕೇಳಿದ್ದೆ, ಇವಳಿಗೂ ಆಗುತ್ತದೆ ಅಂದುಕೊಂಡಿರಲಿಲ್ಲ. ಆ ಬಿಂದಿಗೆಯನ್ನು ಅಕ್ಷರ ಗೋಡೆ ಕಡೆ ಬರುವ ಹಾಗೆ ಇಟ್ಟಿದ್ದಾಳೆ. ತಿರುಗಿಸಿ ಇಟ್ಟು ಬಂದೆ. ಮಾರನೆಯ ದಿನ ಮತ್ತೆ ಗೋಡೆ ಕಡೆಗೆ.

ಅಜ್ಜಿಗೆ ಅವಳ ಮೇಲೆ ಎಲ್ಲಿಲ್ಲದ ಪ್ರೀತಿ. ನಿನ್ನೆ ಅವಳ ಕೊರಳು ನೋಡಿ, 'ಲಿಂಗ ಕಟ್ಟಿಲ್ವೇನೇ?' ಎಂದು ಕೇಳಿದಳು. ರಂಜಿನಿ ಬಾಯಿ ತೆರೆಯುವ ಮೊದಲೇ ನಾನು, 'ಲ್ಯಾಬಲ್ಲಿ ಕೊರಳಿಗೆ ಏನೂ ಹಾಕೋ ಹಾಗಿಲ್ಲ ಅಜ್ಜಿ' ಅಂದೆ. ಅಜ್ಜಿ ಬಿಡುವವಳೇ? ಶ್ರಾವಣದಲ್ಲಿ ಸ್ವಾಮಿಗಳನ್ನು ಮನೆಗೆ ಕರೆಸಿ, ತಾನೇ ಮುಂದೆ ನಿಂತು ಅವಳಿಗೆ ದೀಕ್ಷೆ ಕೊಡಿಸುತ್ತಾಳಂತೆ.

ಮೆಟ್ಟಿಲ ಮೇಲೆ ರಂಜಿನಿ ನನ್ನನ್ನು ನಿಲ್ಲಿಸಿದಳು.

'ಅಮೂಲ್ಯ, ನನ್ನ ಬದಲು ನೀನು ಇನ್ನೂ ಎಷ್ಟು ಹೇಳ್ಬೇಕು ಅಂತಿದೀಯ?'

'ಏನೇ ಹಂಗಂದ್ರೆ? ನಿನಗೋಸ್ಕರ ತಾನೇ?'

ಅವಳು ಮೆಟ್ಟಿಲು ಹತ್ತಿ ಹೋಗಿಬಿಟ್ಟಳು. ಉಪಕಾರ ಮಾಡಿದವರಿಗೆ ಇದೇ ಬಹುಮಾನ.


ಜುಲೈ 18, ಶುಕ್ರವಾರ

ರಂಜಿನಿಯ ಮನೆಗೆ ಹೋಗಿದ್ದೆ, ಭದ್ರಾವತಿಗೆ. ಆಷಾಢದ ಪೂಜೆ ಇದೆ, ಅಮ್ಮ ಕರಿ ಅಂದಿದ್ದಾರೆ, ಮನಸ್ಸಿದ್ರೆ ಬಾ ಅಂದಿದ್ದಳು. ಮನೆಯಲ್ಲಿ ಮಾಚೇನಹಳ್ಳಿಯ ಪಾತ್ರೆ ಪಾಲಿಶ್ ವರ್ಕ್‌ಶಾಪಿಗೆ ಹೋಗುತ್ತೇನೆಂದು ಹೇಳಿ ಹೊರಟೆ. ಬಸ್ಸು ಮಾಚೇನಹಳ್ಳಿ ದಾಟುವಾಗ ಆಚೆ ನೋಡಲಿಲ್ಲ.

ಎರಡೇ ಕೋಣೆಯ ಮನೆ. ಪಕ್ಕದ ಮನೆಯವರು ತಮಿಳಿನಲ್ಲಿ ಜೋರಾಗಿ ಮಾತಾಡುತ್ತಿದ್ದರು, ಇವರು ಒಳಗಿನಿಂದಲೇ ಕನ್ನಡದಲ್ಲಿ ಉತ್ತರ ಕೊಡುತ್ತಿದ್ದರು. ರಂಜಿನಿಯ ಅಮ್ಮ ಈಶ್ವರಮ್ಮ ನನ್ನನ್ನು ನೋಡಿದ ಕೂಡಲೇ ಹೇಳಿದ್ದು ಇದು: 'ನಿನಗೆ ಅಂತ ಬೇರೆ ಒಲೆ ಮೇಲೆ, ಬೇರೆ ಪಾತ್ರೇಲಿ ಮಾಡೀನಿ ಕಣವ್ವ. ಇದ್ರಾಗೆ ಕೋಳಿ ಸೋಂಕಿಲ್ಲ. ಧೈರ್ಯವಾಗಿ ಉಣ್ಣು.' ನಾನು ಏನು ತಿನ್ನುತ್ತೇನೆ, ಏನು ತಿನ್ನುವುದಿಲ್ಲ ಎಂದು ಮೊದಲೇ ಮಗಳನ್ನು ಕೇಳಿ ತಿಳಿದುಕೊಂಡಿದ್ದರು.

ಗೂಡಿನಲ್ಲಿ ಚೌಡಮ್ಮನ ಪಟ, ಬೇವಿನ ಸೊಪ್ಪು, ದೀಪ. ಪಟದ ಮುಂದೆ ಅರಿಶಿನ ಬಟ್ಟೆಯ ಒಂದು ಪುಟ್ಟ ಗಂಟು. ನಮ್ಮ ಅಜ್ಜಿಯೂ ಹೀಗೆ ಕಟ್ಟಿಡುತ್ತಾಳೆ. ಹರಕೆ ಮರೆತರೆ, ದೇವರಿಗೆ ಏನಾದರೂ ಅಪಚಾರವಾದರೆ, ಒಂದು ನಾಣ್ಯವನ್ನು ಅರಿಶಿನ ಬಟ್ಟೆಯಲ್ಲಿ ಕಟ್ಟಿ ತಪ್ಪುಕಾಣಿಕೆ ಇಡುವುದು.

'ಯಾವ ಹರಕೆ ಮರೆತ್ರಿ?' ಎಂದು ಕೇಳಿದೆ. ಸುಮ್ಮನೆ, ಮಾತಿಗೆ.

ಓಬಯ್ಯ ದೀಪದ ಬತ್ತಿ ಸರಿ ಮಾಡತೊಡಗಿದ. ಈಶ್ವರಮ್ಮ ಹೇಳಿಬಿಟ್ಟರು.

'ಹರಕೆ ಅಲ್ಲ ಕಣವ್ವ. ನಿಮ್ಮನೆಗೆ ರೂಮು ನೋಡಕ್ಕೆ ಬಂದಿದ್ರಲ್ಲ, ಅವತ್ತು ಕಟ್ಟಿಟ್ಟಿದ್ದು. ಬಂದೋರು ಊಟಾನೂ ಮಾಡ್ಲಿಲ್ಲ. ಹೆತ್ತ ತಾಯಿ ಇರೋವಾಗ ಇನ್ನೊಬ್ಬರ ಹೆಸರು ಹೇಳಿ ಬಂದೆ ಕಣೇ ಅಂದ್ರು.'

'ಸುಮ್ನಿರೇ' ಅಂದರು ಓಬಯ್ಯನವರು. ಆಮೇಲೆ ನನ್ನ ಕಡೆ ತಿರುಗಿ ಸಮಾಧಾನ ಮಾಡುವವರ ಹಾಗೆ ಅಂದರು: 'ನೀನು ಒಳ್ಳೇದಕ್ಕೆ ಮಾಡಿದ್ದು ಮಗಾ. ಮಗೂಗೆ ರೂಮು ಬೇಕಿತ್ತು. ವೀರಭದ್ರನೂ ದೇವ್ರೇ, ಅವನ ಮೇಲೆ ನಂಗೇನು ಕೋಪ? ಆದ್ರೆ ನಮ್ಮಪ್ಪ, ಅವರಪ್ಪ, ಎಲ್ರೂ ಈ ತಾಯಿ ಹೆಸರು ಹೇಳ್ಕೊಂಡು ಬದುಕಿದೋರು. ನಾನು ಒಂದು ಕಾಫಿ ಕುಡಿಯೋ ಹೊತ್ತಲ್ಲಿ ಬಿಟ್ಟುಕೊಟ್ಟೆ. ಅದಕ್ಕೆ ಒಂದು ಕಾಣಿಕೆ. ನೀನು ಉಣ್ಣು.'

ಉಂಡೆ. ಹೇಗೆ ಉಂಡೆನೋ ಗೊತ್ತಿಲ್ಲ. ವಾಪಸು ಬಸ್ಸಿನಲ್ಲಿ ರಂಜಿನಿ ನನ್ನ ಪಕ್ಕದಲ್ಲೇ ಕೂತಿದ್ದಳು.


ಜುಲೈ 19, ಶನಿವಾರ

ಅಂಗಡಿಯಲ್ಲಿ ಮೂರು ಹೆಸರು ತಪ್ಪು ಹಾಕಿದೆ. ಅಪ್ಪಾಜಿ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.


ಜುಲೈ 21, ಸೋಮವಾರ

ಜೂನ್ 15ರ ಪುಟ ಮತ್ತೆ ಓದಿದೆ. ಕೈ ನಡುಗಿದ್ದಕ್ಕೆ ವಯಸ್ಸು ಎಂದು ಬರೆದಿದ್ದೇನೆ. ಕಾಫಿ ಬಿಟ್ಟಿದ್ದಕ್ಕೆ ಸಕ್ಕರೆ ಎಂದು ಬರೆದಿದ್ದೇನೆ. ನನಗೆ ನಾಚಿಕೆಯಾಗುತ್ತಿದೆ. ಆ ಪುಟ ಹರಿಯಬೇಕೆನ್ನಿಸಿತು, ಹರಿಯಲಿಲ್ಲ.

ಮಧ್ಯಾಹ್ನ ಮೇಲೆ ಹೋದೆ. ರಂಜಿನಿ ಯೂನಿಫಾರ್ಮ್ ಒಗೆಯುತ್ತಿದ್ದಳು.

'ಮನೇಲಿ ನಿಜ ಹೇಳ್ಲಾ?' ಎಂದು ಕೇಳಿದೆ.

ಅವಳು ನೊರೆ ಕೈಯಲ್ಲೇ ನನ್ನನ್ನು ನೋಡಿದಳು. 'ಇದೇ ಮೊದಲ ಸಲ ನೀನು ಕೇಳಿದ್ದು' ಅಂದಳು.

ಹೇಳಿದರೆ ರೂಮು ಹೋಗಬಹುದು, ರೂಮು ಹೋದರೆ ಕೆಲಸ ಹೋಗಬಹುದು, ಇನ್ನೂ ಮೂರು ವಾರವೂ ಆಗಿಲ್ಲ. ಅದೆಲ್ಲ ನನಗಿಂತ ಅವಳಿಗೆ ಚೆನ್ನಾಗಿ ಗೊತ್ತು. ಅವಳು ಬಟ್ಟೆ ಹಿಂಡಿ ಹಗ್ಗಕ್ಕೆ ಹಾಕುವವರೆಗೆ ಯೋಚನೆ ಮಾಡಿದಳು.

'ನೀನು ಹೇಳೋದು ಬೇಡ. ನಾನೇ ಹೇಳ್ತೀನಿ. ನೀನು ಪಕ್ಕದಲ್ಲಿ ನಿಂತ್ಕೋ, ಸಾಕು. ಬಾಯಿ ಮಾತ್ರ ತೆಗೀಬೇಡ.'


ಜುಲೈ 22, ಮಂಗಳವಾರ

ಸಂಜೆ ಅಪ್ಪಾಜಿ ಅಂಗಡಿಯಿಂದ ಬಂದು ಕೈಕಾಲು ತೊಳೆದ ಮೇಲೆ ರಂಜಿನಿ ಕೆಳಗೆ ಬಂದಳು, ಮುಂದಿನ ಬಾಗಿಲಿನಿಂದ. ಕಂಕುಳಲ್ಲಿ ಬಿಂದಿಗೆ ಇತ್ತು. ಅದನ್ನು ಅಜ್ಜಿಯ ಮುಂದೆ ಇಟ್ಟಳು.

'ಅಜ್ಜಿ, ಇದು ನಮ್ಮದಲ್ಲ. ನಮ್ಮ ಮನೆದೇವರು ವೀರಭದ್ರ ಅಲ್ಲ, ಚೌಡಮ್ಮ. ನಾವು ಎಸ್ಸಿ. ಅವತ್ತು ನಮ್ಮಪ್ಪನ ಹತ್ರ ಸುಳ್ಳು ಹೇಳ್ಸಿದ್ದು ತಪ್ಪಾಯ್ತು. ರೂಮಿಗೋಸ್ಕರ ನಾನೂ ಒಪ್ಕೊಂಡೆ.'

ಇಷ್ಟೇ. ಧ್ವನಿ ಏರಲಿಲ್ಲ, ಇಳಿಯಲಿಲ್ಲ. ಲ್ಯಾಬಿನ ರಿಪೋರ್ಟು ಓದುವವರ ಹಾಗೆ ಹೇಳಿದಳು. ನಾನು ಪಕ್ಕದಲ್ಲಿ ನಿಂತಿದ್ದೆ. ಸುಳ್ಳು ಹುಟ್ಟಿಸಿದ್ದು ನಾನು ಎಂದು ಕೂಗಬೇಕೆನ್ನಿಸಿತು. ಬಾಯಿ ತೆಗೆಯಬೇಡ ಅಂದಿದ್ದಳಲ್ಲ, ತುಟಿ ಕಚ್ಚಿಕೊಂಡೆ. ಅಪ್ಪಾಜಿ ನನ್ನನ್ನು ನೋಡಿದರು. ಸುಮ್ಮನೆ ತಲೆ ಆಡಿಸಿದೆ, ಹೌದು ನಾನೇ ಎಂದು.

ಅಜ್ಜಿ ಎದ್ದು ದೇವರ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಅಮ್ಮ ರಂಜಿನಿಗೆ, 'ಕಾಫಿ ಕುಡೀತೀಯೇನಮ್ಮ?' ಅಂದಳು. ಇಡೀ ಸಂಜೆ ನಮ್ಮ ಮನೆಯಲ್ಲಿ ಆದ ಮಾತು ಅದೊಂದೇ.


ಜುಲೈ 24, ಗುರುವಾರ

ಅಪ್ಪಾಜಿ ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತು ನೋಡಿ ನನ್ನನ್ನು ಹತ್ತಿರ ಕರೆದರು.

'ನೀನೇ ಅವಳ ಹತ್ರ ನಯವಾಗಿ ಹೇಳು. ಕುಂಸಿಯಿಂದ ಅತ್ತೆ ಬಂದಿರ್ತಾರೆ, ರೂಮು ಬೇಕಾಗುತ್ತೆ ಅಂತ. ತಿಂಗಳ ಕೊನೇಗೆ ಬಿಡ್ಲಿ.'

'ಯಾವ ಅತ್ತೆ?'

'ಯಾರೋ ಒಬ್ರು. ಅವಳ ಮನಸ್ಸಿಗೆ ನೋವಾಗಬಾರದಲ್ಲ.'

ಅಪ್ಪಾಜಿಗೆ ನಾನು ಎದುರು ಮಾತಾಡಿದವಳಲ್ಲ. ಅವರ ಮೇಲೆ ನನಗೆ ಪ್ರೀತಿ ಜಾಸ್ತಿ, ಈಗಲೂ ಜಾಸ್ತಿಯೇ. ಅದಕ್ಕೇ ಕಷ್ಟವಾಯಿತು.

'ನಾನು ಹೇಳಲ್ಲ ಅಪ್ಪಾಜಿ. ಒಂದು ಸುಳ್ಳು ಹೇಳಿ ಆಗಿದೆ, ಅದೇ ಸಾಕು. ಕಾರಣ ಏನಿದೆಯೋ ಅದನ್ನ ನೀವೇ ಮೇಲೆ ಹೋಗಿ ಅವಳ ಮುಖ ನೋಡ್ಕೊಂಡು ಹೇಳಿ, ನಿಮ್ಮ ಜಾತಿಯೋರಿಗೆ ಕೊಡಲ್ಲ ಅಂತ. ನಾನು ತಡೆಯಲ್ಲ.'

'ಹಂಗೆಲ್ಲ ಹೇಳೋಕಾಗುತ್ತೇನೇ ಯಾರಿಗಾದ್ರೂ?'

'ಹೇಳೋಕೇ ಆಗದಿದ್ದನ್ನ ಮಾಡೋಕೆ ಹೆಂಗಾಗುತ್ತೆ?'

ಅವರು ಒಂದು ತಟ್ಟೆ ತೆಗೆದುಕೊಂಡು ಬಟ್ಟೆಯಲ್ಲಿ ಒರೆಸತೊಡಗಿದರು. ಅದು ಹೊಸ ತಟ್ಟೆ, ಒರೆಸುವುದು ಬೇಕಿರಲಿಲ್ಲ.

ರಂಜಿನಿಗೆ ಎಲ್ಲ ಹೇಳಿದೆ. ಮುಚ್ಚಿಡಲಿಲ್ಲ. ಅವಳು ಅಂದಳು: 'ನಿಜವಾದ ಕಾರಣ ಹೇಳಿದ್ರೆ ಹೋಗ್ತೀನಿ. ಅತ್ತೆ ಬರ್ತಾರೆ ಅಂದ್ರೆ ಹೋಗಲ್ಲ.'


ಜುಲೈ 26, ಶನಿವಾರ

ಚಂದ್ರಶೇಖರಪ್ಪನವರು ಅಂಗಡಿಗೆ ಬಂದಿದ್ದರು. ನಮ್ಮ ಬೀದಿಯ ಹಿರಿಯರು, ನಮ್ಮ ಸಮಾಜದ ಕಲ್ಯಾಣ ಮಂಟಪವನ್ನು ನೋಡಿಕೊಳ್ಳುವವರು. ಮಂಟಪದ ಬಡಿಸುವ ಬಕೆಟ್ಟು, ಸೌಟುಗಳಿಗೆಲ್ಲ ಹೆಸರು ಹಾಕುವ ಆರ್ಡರ್ ಯಾವಾಗಲೂ ನಮ್ಮದೇ. ನಾನು ಆ ಬಕೆಟ್ಟುಗಳನ್ನೇ ಹಿಡಿದು ಕೂತಿದ್ದೆ.

'ಏನು ಮುರುಗೇಶಪ್ಪ, ಮೇಲಿನ ಮನೆಗೆ ಹೊಸಬರು ಬಂದಾರೆ. ಯಾರ ಪೈಕಿ?' ಅಂದರು. ಗೊತ್ತಿದ್ದೇ ಕೇಳಿದ್ದು. ನಮ್ಮ ಬೀದಿಯಲ್ಲಿ ಸುದ್ದಿಗೆ ಮೆಟ್ಟಿಲು ಬೇಕಾಗಿಲ್ಲ.

ಅಪ್ಪಾಜಿ, 'ಅದು... ನಮ್ಮ ಹುಡುಗೀ ಫ್ರೆಂಡು...' ಎಂದು ತಡವರಿಸಿದರು. ನಾನು ಮಷೀನು ಆರಿಸಿದೆ. ಅದರ ಸದ್ದು ನಿಂತರೆ ಅಂಗಡಿಯಲ್ಲಿ ಬಹಳ ನಿಶ್ಶಬ್ದ.

'ರಂಜಿನಿ ಅಂತ. ಭದ್ರಾವತಿ ಓಬಯ್ಯನವರ ಮಗಳು. ಮನೆದೇವರು ಚೌಡಮ್ಮ. ಎಸ್ಸಿ. ಇನ್ನೇನಾದ್ರೂ ಕೇಳೋದಿದ್ರೆ ಅವಳನ್ನೇ ಕೇಳಿ ದೊಡ್ಡಪ್ಪ, ಎರಡು ಗಂಟೆ ಮೇಲೆ ಮನೇಲಿರ್ತಾಳೆ.'

ಅವರು ನನ್ನನ್ನು ಬಿಟ್ಟು ಅಪ್ಪಾಜಿಯನ್ನು ನೋಡಿದರು. 'ನಾಲ್ಕು ಜನ ಮಾತಾಡ್ಕೊಳ್ತಾರೆ ಮುರುಗೇಶಪ್ಪ. ನಾಳೆ ಇವಳಿಗೆ ಗಂಡು ನೋಡೋವಾಗ ಇದೆಲ್ಲ ಬರುತ್ತೆ.'

'ಬರ್ಲಿ ದೊಡ್ಡಪ್ಪ. ಅದನ್ನ ಕೇಳ್ಕೊಂಡು ಬರೋ ಗಂಡು ಯಾರು ಅಂತ ನನಗೂ ಮೊದಲೇ ಗೊತ್ತಾಗುತ್ತೆ' ಅಂದೆ.

ಅಪ್ಪಾಜಿ ನನ್ನನ್ನು ಗದರಬಹುದು ಅಂದುಕೊಂಡೆ. ಅವರು, 'ಬಕೆಟ್ಟು ಬುಧವಾರ ಕಳಿಸ್ತೀನಿ' ಎಂದಷ್ಟೇ ಅಂದರು. ಚಂದ್ರಶೇಖರಪ್ಪನವರು ಎದ್ದು ಹೋದರು. ಮುಂದಿನ ಆರ್ಡರ್ ಬರುತ್ತದೋ ಇಲ್ಲವೋ, ನೋಡೋಣ.


ಜುಲೈ 30, ಬುಧವಾರ

ಇವತ್ತು ಅಪ್ಪಾಜಿ ಮೇಲೆ ಹೋದರು.

ಎರಡೂವರೆಗೆ ಅಂಗಡಿಯಿಂದ ಊಟಕ್ಕೆ ಬಂದವರು, ಉಂಡು, ಕೈ ತೊಳೆದು, ಶರ್ಟು ಹಾಕಿಕೊಂಡರು. ತಮ್ಮದೇ ಮನೆಯ ಮಹಡಿ ಹತ್ತುವುದಕ್ಕೆ ಶರ್ಟು. ಅಮ್ಮನೂ ನಾನೂ ಮುಖ ಮುಖ ನೋಡಿಕೊಂಡೆವು. ಒಟ್ಟು ಹದಿನಾಲ್ಕು ಮೆಟ್ಟಿಲು. ಏಳರ ಹತ್ತಿರ ನಿಂತರು, ಆಮೇಲೆ ಮತ್ತೆ ಹತ್ತಿದರು. ಬಾಗಿಲು ತಟ್ಟಿದ್ದು ಕೇಳಿಸಿತು. ನಾನು ಪಾತ್ರೆ ತೊಳೆಯುವ ನೆವದಲ್ಲಿ ಅಡುಗೆಮನೆಯಲ್ಲೇ ಇದ್ದೆ, ಒಂದೇ ಬಟ್ಟಲನ್ನು ತೊಳೆಯುತ್ತಿದ್ದೆ.

ಐದು ನಿಮಿಷಕ್ಕೆ ಇಳಿದು ಬಂದರು.

'ಏನಂದ್ರಿ?' ಎಂದು ಅಮ್ಮ ಕೇಳಿದಳು.

'ಮೇಲೆ ನಲ್ಲಿ ಇನ್ನೂ ಸೋರ್ತಿದೆ' ಅಂದರು ಅಪ್ಪಾಜಿ. 'ಒಂದು ತಿಂಗಳಿಂದ ಸೋರ್ತಿದೆಯಂತೆ. ಹೇಳೋದಲ್ವಾ ಆ ಹುಡುಗ? ನಾಳೆ ಪ್ಲಂಬರ್‌ಗೆ ಹೇಳ್ತೀನಿ.'

ಆ ಹುಡುಗಿ ಅನ್ನುವ ಬದಲು ಹುಡುಗ ಎಂದು ಬಾಯಿ ತಪ್ಪಿದ್ದೂ ಅವರಿಗೆ ಗೊತ್ತಾಗಲಿಲ್ಲ. ಅಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ಒಳಗೆ ಹೋದಳು. ನಗುತ್ತಿದ್ದಳೋ ಅಳುತ್ತಿದ್ದಳೋ, ಸರಿಯಾಗಿ ಕಾಣಲಿಲ್ಲ.

ಮೇಲೆ ಹೋಗಿ ರಂಜಿನಿಯನ್ನು ಕೇಳಿದೆ. 'ಬಾಗಿಲಲ್ಲೇ ನಿಂತಿದ್ರು. ಮೂರು ಸಲ ಏನೋ ಹೇಳೋಕೆ ಹೋದ್ರು. ಕುರ್ಚಿ ಕೊಟ್ಟೆ, ಕೂತ್ರು. ಆಮೇಲೆ ನಲ್ಲಿ ನೋಡಿದ್ರು' ಅಂದಳು. ಬಹಳ ದಿನದ ಮೇಲೆ ಇಬ್ಬರೂ ನಕ್ಕೆವು. ಹೊಟ್ಟೆ ಹಿಡಿದುಕೊಂಡು ನಕ್ಕೆವು.


ಆಗಸ್ಟ್ 4, ಸೋಮವಾರ

ಶ್ರಾವಣದ ಎರಡನೆಯ ಸೋಮವಾರ. ಅಜ್ಜಿ ಹದಿಮೂರು ದಿನದಿಂದ ನನ್ನ ಜೊತೆ ಸರಿಯಾಗಿ ಮಾತಾಡಿಲ್ಲ. ಆ ಬಿಂದಿಗೆಯನ್ನು ತನ್ನ ಮಂಚದ ಕೆಳಗಿಟ್ಟುಕೊಂಡಿದ್ದಾಳೆ. ದೇವರ ಹೆಸರಿದೆ, ಗುಜರಿಗೆ ಹಾಕುವಂತಿಲ್ಲ. ರಂಜಿನಿ ಎದುರಾದರೆ 'ಹೂಂ' ಅನ್ನುತ್ತಾಳೆ, ಅಷ್ಟೇ. ಅಜ್ಜಿ ಬದಲಾಗಿದ್ದಾಳೆ ಎಂದು ಬರೆಯಲು ನನಗೆ ಆಸೆ. ಆದರೆ ರಂಜಿನಿ ನಾಗರಪಂಚಮಿಗೆ ಕೊಟ್ಟ ತಂಬಿಟ್ಟನ್ನು ಅವಳು ಮುಟ್ಟಲಿಲ್ಲ. ಇದ್ದದ್ದು ಇದ್ದ ಹಾಗೆ ಬರೆಯಬೇಕು.

ಇವತ್ತು ಪೂಜೆ ಮುಗಿಸಿ ನನ್ನನ್ನು ಕರೆದಳು. ಅಂಗೈಯಲ್ಲಿ ಅರಿಶಿನ ಬಟ್ಟೆಯ ಗಂಟು.

'ಭದ್ರಾವತಿಗೆ ಹೋದಾಗ ಅವರ ದೇವರ ಮುಂದೆ ಇದನ್ನ ಇಡು' ಅಂದಳು.

'ಏನಜ್ಜಿ ಇದು?' ಏನೆಂದು ಗೊತ್ತಿತ್ತು, ಆದರೂ ಕೇಳಿದೆ.

'ಒಂದು ದೇವರ ಒಕ್ಕಲನ್ನ ಅವನ ಬಾಯಿಂದಲೇ ಬಿಡಿಸಿದ ಹಂಗಾಯ್ತು. ವಿಭೂತಿ ಬೇರೆ ಕೊಟ್ಟೆ ಅವತ್ತು. ಪಾಪ ಅವನು ಹಚ್ಕೊಂಡ. ನೀನು ಹೇಳ್ಸಿದ್ದು ಹೌದು. ಆದ್ರೆ ಕೇಳಿದೋಳು ನಾನು.'

ಇಷ್ಟು ಹೇಳಿ ಜಪಕ್ಕೆ ಕೂತಳು. ಇನ್ನು ಮಾತು ಬೇಡ ಅನ್ನುವ ಹಾಗೆ ಕಣ್ಣು ಮುಚ್ಚಿದಳು.

ನಾನೂ ಒಂದು ಗಂಟು ಕಟ್ಟಿದೆ.


ಆಗಸ್ಟ್ 10, ಭಾನುವಾರ

ರಂಜಿನಿ ಜೊತೆ ಭದ್ರಾವತಿಗೆ ಹೋಗಿ ಬಂದೆ. ಈ ಸಲ ಮನೆಯಲ್ಲಿ ಎಲ್ಲಿಗೆಂದು ಹೇಳಿಯೇ ಹೊರಟೆ. ಅಪ್ಪಾಜಿ ಬಸ್ಸಿಗೆ ಹೊತ್ತಾಯಿತೆಂದು ಬೈಕಿನಲ್ಲಿ ಬಿಡುತ್ತೇನೆ ಅಂದರು. ಇಬ್ಬರು ಹಿಂದೆ ಕೂರುವ ಹಾಗಿಲ್ಲವೆಂದು ನೆನಪಾಗಿ, ಆಟೋ ಕರೆದುಕೊಟ್ಟರು.

ಎರಡೂ ಗಂಟುಗಳನ್ನು ಓಬಯ್ಯನವರ ಕೈಗೆ ಕೊಟ್ಟು ಅಜ್ಜಿ ಹೇಳಿದ್ದನ್ನು ಹಾಗೇ ಹೇಳಿದೆ. ನನ್ನದು ಯಾಕೆ ಎಂದು ಅವರು ಕೇಳಲಿಲ್ಲ. ಗಂಟುಗಳನ್ನು ಸ್ವಲ್ಪ ಹೊತ್ತು ಅಂಗೈಯಲ್ಲೇ ಇಟ್ಟುಕೊಂಡು ನಿಂತಿದ್ದರು. ಆಮೇಲೆ ಕಾಲು ತೊಳೆದು ಬಂದು ದೀಪ ಹಚ್ಚಿದರು.

'ಸುಮ್ನೆ ಇಟ್ರೆ ಆಗಲ್ಲ ಮಗಾ. ಯಾರದು ಅಂತ ತಾಯಿಗೆ ಹೇಳಿ ಒಪ್ಪಿಸ್ಬೇಕು. ಅಜ್ಜಿ ಹೆಸರೇನು?'

'ಶಕುಂತಲಮ್ಮ.'

'ನಿಮ್ಮ ಮನೆದೇವರು ಯಾರು?'

ಹುಟ್ಟಿದಾಗಿನಿಂದ ಈ ಪ್ರಶ್ನೆಯನ್ನು ಸಾವಿರ ಸಲ ಕೇಳಿಸಿಕೊಂಡಿದ್ದೇನೆ. ನಮ್ಮ ಪಡಸಾಲೆಯಲ್ಲಿ ಕೂತವರೆಲ್ಲ ಅದಕ್ಕೆ ಉತ್ತರ ಕೊಟ್ಟಿದ್ದಾರೆ. ನನ್ನನ್ನು ಯಾರೂ ಕೇಳಿರಲಿಲ್ಲ. ನಮ್ಮಲ್ಲಿ ಕೇಳುವವರು ನಾವು. ಆ ಎರಡು ಕೋಣೆಯ ಮನೆಯಲ್ಲಿ, ಓಬಯ್ಯನವರು ಹಾಗೆ ನನ್ನ ಕಡೆ ತಿರುಗಿ ಕಾಯುತ್ತಿದ್ದಾಗ, ಉತ್ತರ ತಪ್ಪಾದರೆ ಎದ್ದು ಹೋಗಬೇಕಾಗುತ್ತದೇನೋ ಎಂದು ಒಂದು ಕ್ಷಣ ಹೆದರಿಕೆಯಾಯಿತು. ಅವರಿಗೆ ಅವತ್ತು ನಮ್ಮ ಮನೆಯಲ್ಲಿ ಹೀಗೇ ಆಗಿತ್ತು.

'ಕುಂಸಿ ಹತ್ರ ಕಲ್ಲೇಶ್ವರ ಸ್ವಾಮಿ' ಅಂದೆ.

'ಸರಿ' ಅಂದರು. ಪಟದ ಕಡೆ ತಿರುಗಿ, 'ಕಲ್ಲೇಶ್ವರ ಸ್ವಾಮಿ ಒಕ್ಕಲು ಶಕುಂತಲಮ್ಮ, ಅವರ ಮೊಮ್ಮಗಳು ಅಮೂಲ್ಯ, ಇಬ್ಬರದೂ ಕಾಣಿಕೆ ತಾಯಿ, ಒಪ್ಪಿಸ್ಕೋ' ಅಂದರು. ಗಂಟುಗಳನ್ನು ತಮ್ಮ ಗಂಟಿನ ಪಕ್ಕದಲ್ಲಿಟ್ಟು ಕೈ ಮುಗಿದರು. ನಾವೆಲ್ಲ ಮುಗಿದೆವು.

ಆಮೇಲೆ ಅಡುಗೆಮನೆಯ ಕಡೆ ನೋಡಿ, 'ಎಲೆ ಹಾಕೇ, ಹುಡುಗೀರಿಗೆ ಹಸಿವಾಗಿರುತ್ತೆ' ಅಂದರು.